ಬೆನ್ನು ಮುರಿದ ಕಡಲಿಗೇ ಮತ್ತೆ ದೋಣಿ!
ನಾಲ್ಕು ವರ್ಷ ಮನೆ-ಮಕ್ಕಳು, ಆಮೇಲೆ 236 ದಿನದ ಒಂಟಿ ಓಟ

ಉಡಿಗಾಲ: ಇಲ್ಲಿಂದ ಕಡಲು ನೋಡಬೇಕಾದರೆ ಗುಂಡ್ಲುಪೇಟೆಗೆ ಹೋಗಿ ಕೇರಳದ ಬಸ್ಸು ಹತ್ತಬೇಕು. ಬಂಡೀಪುರದ ಕಾಡು ದಾಟಿ, ವಯನಾಡಿನ ಘಟ್ಟ ಇಳಿದು, ಕಲ್ಲಿಕೋಟೆ ಮುಟ್ಟುವ ಹೊತ್ತಿಗೆ ಅರ್ಧ ಹಗಲು ಕಳೆದಿರುತ್ತೆ. ದೋಣಿ ಅಂದರೆ ಈ ಸೀಮೆಯವರಿಗೆ ಗೊತ್ತಿರುವುದು ಹರಿಗೋಲು. ಅದೂ ಕೊಳ್ಳೇಗಾಲದ ಆಚೆ ಕಾವೇರಿ ದಡಕ್ಕೆ ಹೋದವರಿಗೆ ಮಾತ್ರ. ಹಾಗಿರುವಾಗ ಹಾಯಿದೋಣಿ ರೇಸಿನ ಸುದ್ದಿ ಇಲ್ಲಿನ ಅಂಗಡಿ ಕಟ್ಟೆಗೆ ಯಾಕೆ ಬಂತು ಅಂತ ಯಾರಾದರೂ ಕೇಳಿದರೆ ತಪ್ಪಿಲ್ಲ.

ಬಂದಿರುವುದಕ್ಕೆ ಕಾರಣ ಇದೆ. ಇದು ದೋಣಿಯ ಕತೆ ಅನ್ನುವುದಕ್ಕಿಂತ ಮನೆಯ ಕತೆ. ಒಬ್ಬ ಮನುಷ್ಯ ತನಗೆ ಬಂದ ಕಸುಬನ್ನು ಬಿಟ್ಟು ಮನೆಯಲ್ಲಿ ಕೂರುತ್ತಾನೆ. ಮದುವೆ, ಮಕ್ಕಳು, ಕಾಯಿಲೆ, ಏನೋ ಒಂದು. ನಾಲ್ಕು ವರ್ಷ ಕಳೆದ ಮೇಲೆ ಮತ್ತೆ ಹೊರಡುತ್ತೇನೆ ಅಂತಾನೆ. ಮನೆಯವರು ಏನನ್ನಬೇಕು? ಊರಿನವರು ಏನಂತಾರೆ? ತರಕಾರಿ ಲಾರಿ ಹತ್ತಿ ಘಟ್ಟ ಇಳಿಯುವ ಡ್ರೈವರ್ ಮನೆಯಲ್ಲೂ, ಕರಿಕಲ್ಲು ಕ್ವಾರಿಗೆ ಹೋಗುವವನ ಮನೆಯಲ್ಲೂ ಇದೇ ಪ್ರಶ್ನೆ ಉಂಟು. ಒಮ್ಮೆ ಪೆಟ್ಟು ತಿಂದು ಬಂದವನು ಮತ್ತೆ ಹೊರಟರೆ "ಇವನಿಗೇನು ಗ್ರಾಚಾರ ಕಣಪ್ಪ" ಅನ್ನದ ಊರು ಯಾವುದಿದೆ?

ಆ ಪ್ರಶ್ನೆಯನ್ನು ಕಡಲಿನ ನಡುವೆ ತೆಗೆದುಕೊಂಡು ಹೋದವರು ಅಭಿಲಾಷ್ ಟೋಮಿ.

ಯಾರು ಈ ಟೋಮಿ?

ಕೇರಳ ಮೂಲದವರು. ಭಾರತದ ನೌಕಾಪಡೆಯಲ್ಲಿ ವಿಮಾನದ ಪೈಲಟ್ ಆಗಿದ್ದವರು. 2012ರ ನವೆಂಬರ್ 1ರಂದು ಮುಂಬೈಯಿಂದ ಒಬ್ಬರೇ ಹಾಯಿದೋಣಿ ಹತ್ತಿ ಹೊರಟರು. ಯಾವ ಬಂದರಿನಲ್ಲೂ ನಿಲ್ಲದೆ, ಯಾರಿಂದಲೂ ಒಂದು ಹಿಡಿ ಅಕ್ಕಿ ಪಡೆಯದೆ, ಭೂಮಿಯನ್ನು ಒಂದು ಸುತ್ತು ಹಾಕಿ 2013ರ ಮಾರ್ಚ್ 31ಕ್ಕೆ ಮುಂಬೈಗೇ ವಾಪಸ್ ಬಂದರು. ಹೀಗೆ ಎಲ್ಲೂ ನಿಲ್ಲದೆ ಒಂಟಿಯಾಗಿ ಸುತ್ತಿ ಬಂದ ಮೊದಲ ಭಾರತೀಯ ಇವರೇ. ಸರ್ಕಾರ ಕೀರ್ತಿ ಚಕ್ರ ಕೊಟ್ಟಿತು.

ಇವರಿಗಿಂತ ಮುಂಚೆ, 2009-10ರಲ್ಲಿ, ನೌಕಾಪಡೆಯ ದಿಲೀಪ್ ದೋಂದೆ ಅದೇ ದೋಣಿಯಲ್ಲಿ ನಾಲ್ಕು ಕಡೆ ನಿಂತು ಸುತ್ತಿ ಬಂದಿದ್ದರು. ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯ ಅವರು. ಇಬ್ಬರನ್ನೂ ಹೊತ್ತ ಆ ದೋಣಿ ಗೋವಾದಲ್ಲಿ ಕಟ್ಟಿದ್ದು. ಹೆಸರು 'ಮ್ಹಾದೇಯಿ'. ಕನ್ನಡದ ಪತ್ರಿಕೆ ಓದುವವರಿಗೆ ಈ ಹೆಸರು ಹೊಸದಲ್ಲ. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವಾಕ್ಕೆ ಹರಿಯುವ, ಎರಡು ರಾಜ್ಯಗಳ ನಡುವೆ ವರ್ಷಗಟ್ಟಲೆ ಜಗಳ ಇಟ್ಟ ಮಹದಾಯಿ ಹೊಳೆಯ ಹೆಸರೇ ಅದು. ನಮ್ಮ ಹೊಳೆ ನೀರು ಯಾರಿಗೆ ಸೇರಬೇಕೋ ಗೊತ್ತಿಲ್ಲ, ಹೆಸರಂತೂ ಭೂಮಿ ಸುತ್ತಿ ಬಂತು!

ಇದಕ್ಕೂ ಹಿಂದೆ ಇನ್ನೊಂದು ಉಂಟು. 1985ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟು 1987ರ ಜನವರಿಯಲ್ಲಿ ಮುಂಬೈ ಸೇರಿದ 'ತೃಷ್ಣಾ'. ಭೂಸೇನೆಯ ಎಂಜಿನಿಯರುಗಳು ಸರದಿ ಮೇಲೆ ನಡೆಸಿದ ದೋಣಿ. ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯ ತಂಡ. ಆ ಕಾಲದಲ್ಲಿ ರೇಡಿಯೋ ವಾರ್ತೆ ಕೇಳುತ್ತಿದ್ದ ಹಿರಿಯರಿಗೆ ನೆನಪಿರಬಹುದು.

2018: ಬೆನ್ನು ಮುರಿದ ದಿನ

ಟೋಮಿಗೆ ಒಂದು ಸುತ್ತು ಸಾಲಲಿಲ್ಲ. 2018ರಲ್ಲಿ 'ಗೋಲ್ಡನ್ ಗ್ಲೋಬ್ ರೇಸ್' ಅಂತ ಒಂದು ಪಂದ್ಯ ಏರ್ಪಾಡಾಯಿತು. ಇದರ ಕತೆ ಸ್ವಾರಸ್ಯ. 1968ರಲ್ಲಿ ಇಂಥದ್ದೇ ಪಂದ್ಯ ನಡೆದಾಗ ಒಂಬತ್ತು ಮಂದಿ ಹೊರಟಿದ್ದರು. ಮುಗಿಸಿದವರು ಒಬ್ಬರೇ, ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ 'ಸುಹೈಲಿ' ದೋಣಿ ಕಟ್ಟಿದ್ದು ನಮ್ಮ ಮುಂಬೈಯಲ್ಲಿ. ಅದರ ಐವತ್ತನೇ ವರ್ಷದ ನೆನಪಿಗೆ ಪಂದ್ಯ ಮತ್ತೆ ಶುರುವಾಯಿತು.

ನಿಯಮ ಕೇಳಿದರೆ ತಲೆ ತಿರುಗುತ್ತೆ. 1968ರಲ್ಲಿ ಏನಿತ್ತೋ ಅಷ್ಟೇ ಇಟ್ಟುಕೊಳ್ಳಬೇಕು. ಉಪಗ್ರಹ ನೋಡಿ ದಾರಿ ಹೇಳುವ ಯಂತ್ರ ಇಲ್ಲ. ಕಾಗದದ ನಕ್ಷೆ, ಗಡಿಯಾರ, ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅಂತ ಅಳೆಯುವ ಸೆಕ್ಸ್‌ಟೆಂಟ್ ಎಂಬ ಉಪಕರಣ, ಅಷ್ಟೇ. ನಡು ಮಧ್ಯಾಹ್ನ ಸೂರ್ಯನ ಎತ್ತರ ಅಳೆದು, ಗಡಿಯಾರ ನೋಡಿ, ಪುಸ್ತಕದ ಕೋಷ್ಟಕ ತೆಗೆದು ಲೆಕ್ಕ ಹಾಕಿದರೆ ದೋಣಿ ಎಲ್ಲಿದೆ ಅಂತ ತಿಳಿಯುತ್ತೆ. ಮೋಡ ಕವಿದರೆ ಲೆಕ್ಕವೂ ಇಲ್ಲ, ಅಂದಾಜೇ ಗತಿ. ಮನೆ ನೆನಪಾಯಿತು ಅಂತ ಹೆಂಡತಿ ಮಕ್ಕಳಿಗೆ ಫೋನ್ ಮಾಡುವ ಹಾಗೂ ಇಲ್ಲ. ಪ್ರಾಣಾಪಾಯದ ಸಾಧನಗಳನ್ನು ಪೆಟ್ಟಿಗೆಯಲ್ಲಿಟ್ಟು ಮೊಹರು ಮಾಡಿರುತ್ತಾರೆ. ಪೆಟ್ಟಿಗೆ ಒಡೆದರೆ ಪಂದ್ಯದ ಲೆಕ್ಕವೇ ಬೇರೆ.

2018ರ ಜುಲೈ 1ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೊನ್ ಊರಿನಿಂದ ಓಟ ಶುರು. ಟೋಮಿ ಹತ್ತಿದ್ದು ಸುಹೈಲಿಯ ಅಚ್ಚಿನಲ್ಲೇ ಗೋವಾದಲ್ಲಿ ಕಟ್ಟಿದ 32 ಅಡಿ ಉದ್ದದ 'ತುರಿಯಾ'. ಎರಡೂವರೆ ತಿಂಗಳು ಚೆನ್ನಾಗೇ ನಡೆಯಿತು. ಮೂರನೇ ಸ್ಥಾನದಲ್ಲಿದ್ದರು.

ಸೆಪ್ಟೆಂಬರ್ 21. ಹಿಂದೂ ಮಹಾಸಾಗರದ ದಕ್ಷಿಣ ಭಾಗ. ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಮೂರು ಸಾವಿರ ಕಿಲೋಮೀಟರಿಗೂ ಮೀರಿದ ದೂರ. ಗಂಟೆಗೆ ನೂರು ಕಿಲೋಮೀಟರ್ ಮೀರಿದ ಗಾಳಿ. ಎರಡು ಮೂರು ಮಹಡಿ ಎತ್ತರದ ಅಲೆ. ದೋಣಿ ಮಗುಚಿ ಉರುಳಿತು. ಟೋಮಿ ಹಾಯಿಕಂಬದ ಮೇಲಿಂದ ಬಿದ್ದರು. ಹಾಯಿಕಂಬ ಮುರಿಯಿತು, ಬೆನ್ನುಮೂಳೆಯೂ ಮುರಿಯಿತು. ಬೆನ್ನಿಗೆ ಪೆಟ್ಟಾಗಿದೆ, ನಡೆಯಲಾರೆ ಅಂತ ಸಂದೇಶ ಕಳಿಸುವುದಷ್ಟೇ ಅವರಿಂದ ಆದದ್ದು. ಆಮೇಲೆ ದೋಣಿಯೊಳಗೆ ಮಲಗಿದಲ್ಲೇ ಮೂರು ದಿನ.

ನಮ್ಮ ನೌಕಾಪಡೆಯ ವಿಮಾನ ಮೇಲಿಂದ ದೋಣಿಯನ್ನು ಹುಡುಕಿತು. ಅದೇ ಬಿರುಗಾಳಿಗೆ ಸಿಕ್ಕಿ ಹಾಯಿಕಂಬ ಕಳೆದುಕೊಂಡಿದ್ದ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ತನ್ನ ಕಷ್ಟ ಬದಿಗಿಟ್ಟು, ಮುರುಕು ದೋಣಿಯಲ್ಲೇ ಟೋಮಿ ಇದ್ದ ಕಡೆಗೆ ಹೊರಟರು. ಪಂದ್ಯದ ಎದುರಾಳಿ ಅಂದರೆ ಹೀಗಿರಬೇಕು. ಕೊನೆಗೆ ಸೆಪ್ಟೆಂಬರ್ 24ರಂದು 'ಓಸಿರಿಸ್' ಎಂಬ ಫ್ರಾನ್ಸಿನ ಮೀನುಗಾರಿಕೆ ಕಾವಲು ಹಡಗು ಬಂದು ಟೋಮಿಯನ್ನು ಎತ್ತಿಕೊಂಡಿತು. ಮೆಕ್‌ಗಕಿನ್ ಅವರನ್ನೂ ಅದೇ ಹಡಗು ಹತ್ತಿಸಿಕೊಂಡಿತು. ಆಂಸ್ಟರ್ಡಾಂ ದ್ವೀಪ ಎಂಬ ಪುಟ್ಟ ದ್ವೀಪದಲ್ಲಿ ಮೊದಲ ಚಿಕಿತ್ಸೆ. ಅಲ್ಲಿಂದ ನಮ್ಮ ಯುದ್ಧನೌಕೆ 'ಸಾತ್ಪುರಾ'ದಲ್ಲಿ ತಾಯ್ನಾಡಿಗೆ.

ಮನೆಯ ನಾಲ್ಕು ವರ್ಷ

ಬೆನ್ನಿಗೆ ಶಸ್ತ್ರಚಿಕಿತ್ಸೆ ಆಯಿತು. ಟೈಟಾನಿಯಂ ಲೋಹದ ಸರಳು ಹಾಕಿ ಮೂಳೆ ಕೂಡಿಸಿದರು. ಅಂಬೆಗಾಲು ಬಿಟ್ಟ ಕೂಸು ನಡೆಯುವುದನ್ನು ಕಲಿಯುವ ಹಾಗೆ, ನಲವತ್ತರ ಹತ್ತಿರದ ಮನುಷ್ಯ ಮತ್ತೆ ನಡೆಯಲು ಕಲಿಯಬೇಕಾಯಿತು. ಕಲಿತರು. ವಿಮಾನವನ್ನೂ ಮತ್ತೆ ಹಾರಿಸಿದರು. 2021ರಲ್ಲಿ ನೌಕಾಪಡೆಯ ನೌಕರಿಗೆ ರಾಜೀನಾಮೆ ಕೊಟ್ಟು ಗೋವಾದ ಮನೆಗೆ ಬಂದರು. ಮನೆಯಲ್ಲಿ ಹೆಂಡತಿ, ಇಬ್ಬರು ಪುಟ್ಟ ಗಂಡು ಮಕ್ಕಳು.

ಇಲ್ಲಿಗೆ ಕತೆ ಮುಗಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹೆಸರು ಇತ್ತು, ಪದಕ ಇತ್ತು, ಬದುಕಿ ಬಂದಿದ್ದೇ ದೊಡ್ಡದು ಅನ್ನುವ ಮಾತಿತ್ತು. ಚಾಮರಾಜನಗರದ ಸಂತೆಯಲ್ಲಿ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಹೇಳುವುದು ಅದನ್ನೇ. "ಸಾಕಪ್ಪ, ಮಕ್ಕಳ ಮುಖ ನೋಡ್ಕೊಂಡು ಇದ್ಬುಡು." ಆ ಮಾತು ತಪ್ಪೂ ಅಲ್ಲ. ಮನೆಯಲ್ಲಿ ಕಾಯುವವರ ಕಡೆಯಿಂದ ನೋಡಿದರೆ ಅದೇ ಸರಿ. 2018ರ ಆ ಮೂರು ದಿನ ಕಡಲಲ್ಲಿ ಮಲಗಿದವರದ್ದು ಒಂದು ಕಷ್ಟ, ದಡದಲ್ಲಿ ಸುದ್ದಿಗೆ ಕಾದವರದ್ದು ಇನ್ನೊಂದು. ಯಾವುದು ದೊಡ್ಡದು ಅಂತ ತಕ್ಕಡಿಯಲ್ಲಿ ತೂಗುವವರು ಯಾರು?

ಆದರೆ ಅರ್ಧಕ್ಕೆ ಬಿಟ್ಟ ಕೆಲಸ ಅನ್ನುವುದು ಕೆಲವರಿಗೆ ಕಾಲಿನ ಮುಳ್ಳು. ಟೋಮಿ ಮತ್ತೆ ಅದೇ ಪಂದ್ಯಕ್ಕೆ ಹೆಸರು ಕೊಟ್ಟರು. ಪಂದ್ಯಕ್ಕೆ ಬರೀ ಧೈರ್ಯ ಸಾಲದು, ದುಡ್ಡು ಬೇಕು. ದೋಣಿ, ಹಾಯಿ, ಹಗ್ಗ, ಎಂಟು ಒಂಬತ್ತು ತಿಂಗಳ ದಿನಸಿ, ಎಲ್ಲಕ್ಕೂ ಯಾರಾದರೂ ಬಂಡವಾಳ ಹಾಕಬೇಕು. ಸಂಯುಕ್ತ ಅರಬ್ ಸಂಸ್ಥಾನದ 'ಬಯಾನತ್' ಕಂಪನಿ ಮುಂದೆ ಬಂತು. ದೋಣಿಗೂ ಅದೇ ಹೆಸರು ಇಟ್ಟರು. 36 ಅಡಿಯ ಹಳೇ ಮಾದರಿಯ ದೋಣಿ.

236 ದಿನ, ಹತ್ತು ಕಿಲೋಮೀಟರ್ ವೇಗ!

2022ರ ಸೆಪ್ಟೆಂಬರ್ 4ರಂದು ಫ್ರಾನ್ಸಿನ ಅದೇ ಊರಿನಿಂದ 16 ಮಂದಿ ಹೊರಟರು. ದಾರಿ ಸುಮಾರು 30 ಸಾವಿರ ನಾಟಿಕಲ್ ಮೈಲಿ. ಅಂದರೆ ಸುಮಾರು 55 ಸಾವಿರ ಕಿಲೋಮೀಟರ್. ಆಫ್ರಿಕದ ತುದಿ ಸುತ್ತಿ, ಆಸ್ಟ್ರೇಲಿಯದ ಕೆಳಗೆ ಹಾದು, ದಕ್ಷಿಣ ಅಮೆರಿಕದ ಹಾರ್ನ್ ಭೂಶಿರ ಬಳಸಿ, ಹೊರಟಲ್ಲಿಗೇ ಬರಬೇಕು.

ರೇಸು ಅಂದ ಕೂಡಲೇ ಶರವೇಗ ಅಂದುಕೊಳ್ಳಬೇಡಿ. ಬಸ್ ಪ್ರಯಾಣಿಕರು ಬೆರಳು ಮಡಿಸಿ ಲೆಕ್ಕ ಹಾಕಬಹುದು. 236 ದಿನಕ್ಕೆ 55 ಸಾವಿರ ಕಿಲೋಮೀಟರ್ ಅಂದರೆ ದಿನಕ್ಕೆ 230 ಚಿಲ್ಲರೆ. ಗಂಟೆಗೆ ಹತ್ತೂ ಇಲ್ಲ! ಉಡಿಗಾಲದ ರಸ್ತೆಯಲ್ಲಿ ಸೈಕಲ್ ತುಳಿಯುವ ಹುಡುಗ ಇದಕ್ಕಿಂತ ಬೇಗ ಹೋಗುತ್ತಾನೆ. ಆದರೆ ಸೈಕಲ್ ಹುಡುಗ ರಾತ್ರಿ ಮನೆಗೆ ಬಂದು ಉಂಡು ಮಲಗುತ್ತಾನೆ. ಇಲ್ಲಿ ಹಗಲೂ ರಾತ್ರಿಯೂ ದೋಣಿ ನಡೆಯುತ್ತಲೇ ಇರಬೇಕು. ನಿದ್ದೆ ಬಿಡಿ ಬಿಡಿಯಾಗಿ. ಅಡಿಗೆ, ಹೊಲಿಗೆ, ಬಡಗಿ ಕೆಲಸ, ವೈದ್ಯ, ಎಲ್ಲಾ ಒಬ್ಬರೇ. ಈ ಸೀಮೆಯ ರೈತರಿಗೆ ಇನ್ನೊಂದು ಲೆಕ್ಕ: ಅರಿಶಿನ ನೆಟ್ಟು, ಕಳೆ ತೆಗೆದು, ಕಿತ್ತು ಬೇಯಿಸುವವರೆಗೆ ಎಷ್ಟು ಕಾಲವೋ, ಅಷ್ಟು ಕಾಲ ಒಬ್ಬ ಮನುಷ್ಯ ಇನ್ನೊಬ್ಬರ ಮುಖ ನೋಡದೆ ನೀರಿನ ಮೇಲೆ.

ದೋಣಿಯಲ್ಲಿ ಗಾಳಿ ದಿಕ್ಕು ಹಿಡಿದು ತಾನೇ ಚುಕ್ಕಾಣಿ ತಿರುಗಿಸುವ ಒಂದು ಸಾಧನ ಇರುತ್ತೆ. ಅದು ಇದ್ದರೆ ಒಂಟಿ ನಾವಿಕ ಕಣ್ಣು ಮುಚ್ಚಬಹುದು. ಅದು ಮುರಿದು ಬಿತ್ತು. ಅಂಗಡಿಗೆ ಹೋಗಿ ಹೊಸದು ತರಲು ಅಂಗಡಿ ಎಲ್ಲಿದೆ? ಟೋಮಿ ದೋಣಿಯ ಒಳಗಿದ್ದ ಹಲಗೆ ಕಿತ್ತರು, ಕಕ್ಕಸಿನ ಬಾಗಿಲನ್ನೂ ಬಿಡಲಿಲ್ಲ. ಅದನ್ನೇ ಕೊಯ್ದು, ಬೋಲ್ಟು ಹಾಕಿ ಕೆಲಸಕ್ಕೆ ಹಚ್ಚಿದರು. ನಮ್ಮ ಊರುಗಳ ಗ್ಯಾರೇಜಿನವರು ಇದನ್ನು ಕೇಳಿದರೆ ಭಲೇ ಅನ್ನದೆ ಇರಲಾರರು.

2018ರಲ್ಲಿ ಬೆನ್ನು ಮುರಿದಿದ್ದ ಆ ದಕ್ಷಿಣದ ಕಡಲನ್ನೇ ಮತ್ತೆ ಹಾಯಬೇಕಿತ್ತು. ಬೆನ್ನೊಳಗೆ ಲೋಹದ ಸರಳು, ತಲೆಯೊಳಗೆ ಹಳೇ ನೆನಪು. ಹಾಯ್ದರು. 2023ರ ಫೆಬ್ರವರಿಯಲ್ಲಿ ಹಾರ್ನ್ ಭೂಶಿರ ದಾಟಿದರು. ಏಪ್ರಿಲ್ 29ಕ್ಕೆ ಫ್ರಾನ್ಸಿನ ದಡ ಮುಟ್ಟಿದರು. 236 ದಿನ. ಎರಡನೇ ಸ್ಥಾನ.

ಮೊದಲು ಬಂದವರು ಯಾರು? ದಕ್ಷಿಣ ಆಫ್ರಿಕದ ಕರ್ಸ್ಟನ್ ನೊಯ್ಶೇಫರ್ ಎಂಬ ಹೆಣ್ಣುಮಗಳು. ಎರಡು ದಿನ ಮುಂಚೆ, ಏಪ್ರಿಲ್ 27ಕ್ಕೆ ಬಂದರು. ನಡುದಾರಿಯಲ್ಲಿ ಮುಳುಗಿದ ಫಿನ್ಲೆಂಡಿನ ಸ್ಪರ್ಧಿಯನ್ನು ನೀರಿನಿಂದ ಎತ್ತಿ ಬೇರೆ ಹಡಗಿಗೆ ಹತ್ತಿಸಿ ಆಮೇಲೆ ಓಟ ಮುಂದುವರಿಸಿದರು. ಅಷ್ಟಾದರೂ ಗೆದ್ದರು. ಭೂಮಿ ಸುತ್ತುವ ಒಂಟಿ ಪಂದ್ಯ ಗೆದ್ದ ಮೊದಲ ಮಹಿಳೆ. ಮೂರನೆಯವರು ಆಸ್ಟ್ರಿಯದವರು. ಹೊರಟ 16ರಲ್ಲಿ ಎಲ್ಲೂ ನಿಲ್ಲದೆ ನಿಯಮದಂತೆ ಮುಗಿಸಿದವರು ಈ ಮೂವರೇ.

ಗಂಡಸಿಗೊಂದು ನ್ಯಾಯ, ಹೆಂಗಸಿಗೊಂದು?

ಇಲ್ಲಿ ಒಂದು ಮಾತು ಕೇಳಲೇಬೇಕು. ಗಂಡಸು ಮಕ್ಕಳಾದ ಮೇಲೆ ಕಡಲಿಗೆ ಮರಳಿದರೆ 'ಸಾಹಸಿ'. ಅದೇ ಕೆಲಸವನ್ನು ತಾಯಿ ಮಾಡಿದರೆ?

ಫ್ರಾನ್ಸಿನ ಕ್ಲಾರಿಸ್ ಕ್ರೆಮೆರ್ ಅವರ ಕತೆ ನೋಡಿ. 'ವಾಂದೇ ಗ್ಲೋಬ್' ಅಂತ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಒಂಟಿ ಪಂದ್ಯ. ಅದರಲ್ಲಿ ಹೊಸ ಕಾಲದ ವೇಗದ ದೋಣಿಗಳೇ ಓಡುತ್ತವೆ. 2020-21ರ ಓಟದಲ್ಲಿ ಈಕೆ 87 ದಿನಕ್ಕೆ ಮುಗಿಸಿ 12ನೆಯವರಾದರು. 2022ರ ನವೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ಮುಂದಿನ ಪಂದ್ಯಕ್ಕೆ ಜಾಗ ಸಿಗಬೇಕಾದರೆ ಅದಕ್ಕೆ ಮುಂಚಿನ ರೇಸುಗಳಲ್ಲಿ ಇಷ್ಟು ಮೈಲಿ ಓಡಿರಬೇಕು ಅಂತ ನಿಯಮ. ಬಸುರಿ ಬಾಣಂತಿ ಎಲ್ಲಿ ಮೈಲಿ ಓಡಿಸುವುದು? 2023ರ ಫೆಬ್ರವರಿಯಲ್ಲಿ ಪ್ರಾಯೋಜಕರು ಈಕೆಯನ್ನು ಕೈಬಿಟ್ಟರು. ಫ್ರಾನ್ಸಿನಲ್ಲಿ ದೊಡ್ಡ ಗದ್ದಲವೇ ಆಯಿತು.

ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತೆ. ಮನೆ ಕಾರ್ಯಕ್ಕೆಂದು ಆರು ತಿಂಗಳು ಬಾಗಿಲು ಮುಚ್ಚಿದರೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾನೆ. ತೆರೆದ ದಿನ ಮತ್ತೆ ಒಂದನೇ ರೂಪಾಯಿಯಿಂದ ಶುರು. ಕ್ರೆಮೆರ್ ಹಾಗೇ ಶುರು ಮಾಡಿದರು. ಬೇರೆ ತಂಡ, ಬೇರೆ ಪ್ರಾಯೋಜಕರು, ಬೇರೆ ದೋಣಿ. ಕಡಿಮೆ ಸಮಯದಲ್ಲಿ ಬೇಕಾದ ಮೈಲಿ ಗಿಟ್ಟಿಸಿಕೊಂಡು 2024ರ ನವೆಂಬರಿನಲ್ಲಿ ಸಾಲಿನಲ್ಲಿ ನಿಂತರು. 77 ದಿನದಲ್ಲಿ ಮುಗಿಸಿ 11ನೆಯವರಾಗಿ ಬಂದರು. ತಾಯಿಯಾಗುವ ಮುಂಚಿನದಕ್ಕಿಂತ ಒಂದು ಸ್ಥಾನ ಮೇಲೆ, ಹತ್ತು ದಿನ ಬೇಗ! ವಾದ ಮಾಡುವವರಿಗೆ ಇದಕ್ಕಿಂತ ಉತ್ತರ ಬೇಕೇ?

ಇಂಗ್ಲೆಂಡಿನ ಸ್ಯಾಮ್ ಡೇವಿಸ್ ಇನ್ನೊಂದು ಉದಾಹರಣೆ. 2008-09ರ ವಾಂದೇ ಗ್ಲೋಬಿನಲ್ಲಿ ನಾಲ್ಕನೆಯವರು. 2011ರಲ್ಲಿ ಮಗ ಹುಟ್ಟಿದ. 2012ರ ಓಟಕ್ಕೆ ಮತ್ತೆ ಹಾಜರು. ಹೊರಟ ಕೆಲವೇ ದಿನಕ್ಕೆ ಹಾಯಿಕಂಬ ಮುರಿದು ವಾಪಸ್. ಎದೆಗುಂದಲಿಲ್ಲ. 2020ರ ಓಟಕ್ಕೆ ಈಕೆ ಒಂದು ದೋಣಿಯಲ್ಲಿ, ಮಗನ ತಂದೆ ರೊಮೈನ್ ಅತ್ತನಾಸಿಯೊ ಇನ್ನೊಂದು ದೋಣಿಯಲ್ಲಿ. ತಾಯಿ ತಂದೆ ಇಬ್ಬರೂ ಒಂದೇ ಕಡಲಲ್ಲಿ, ಒಬ್ಬರಿಗೊಬ್ಬರು ಎದುರಾಳಿ. ಇಂಥ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿ ತಾತಂದಿರ ಹೆಸರು ಯಾವ ಫಲಿತಾಂಶದ ಪಟ್ಟಿಯಲ್ಲೂ ಬರುವುದಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಸೊಸೆಯ ಕೂಸನ್ನು ಸೊಂಟಕ್ಕೆ ಏರಿಸಿಕೊಂಡ ಅತ್ತೆಯ ಹೆಸರು ಎಲ್ಲಾದರೂ ಬಂದಿದೆಯೇ? ಅದೂ ಹಾಗೇ.

ಘಟ್ಟದ ಕೆಳಗಿನ ಹುಡುಗಿ

ಮತ್ತೆ ನಮ್ಮ ಕಡೆಗೇ ಬರೋಣ. 2024ರ ಅಕ್ಟೋಬರ್ 2ರಂದು ಗೋವಾದಿಂದ ನೌಕಾಪಡೆಯ 'ತಾರಿಣಿ' ದೋಣಿ ಹೊರಟಿತು. ಇಬ್ಬರೇ ಹೆಂಗಸರು. ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ಲೆಫ್ಟಿನೆಂಟ್ ಕಮಾಂಡರ್ ರೂಪಾ ಎ. ಇದು ಪಂದ್ಯ ಅಲ್ಲ, ನೌಕಾಪಡೆಯ ಭೂಪ್ರದಕ್ಷಿಣೆ. ಎಂಟು ತಿಂಗಳು ಸುತ್ತಿ 2025ರ ಮೇ 29ಕ್ಕೆ ಗೋವಾಕ್ಕೇ ವಾಪಸ್ ಬಂದರು. ಇವರಿಗೆ ಕಡಲಿನ ವಿದ್ಯೆ ಹೇಳಿಕೊಟ್ಟು ತಯಾರು ಮಾಡಿದವರಲ್ಲಿ ಅಭಿಲಾಷ್ ಟೋಮಿ ಒಬ್ಬರು. ರೂಪಾ ಪುದುಚೇರಿಯವರು. ದಿಲ್ನಾ ಕಲ್ಲಿಕೋಟೆಯವರು.

ಕಲ್ಲಿಕೋಟೆ ಅಂದರೆ ಗೊತ್ತಾಯಿತಲ್ಲ? ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಘಟ್ಟ ಇಳಿದರೆ ಸಿಗುವ ಅದೇ ಊರು. ಗುಂಡ್ಲುಪೇಟೆ ಕಡೆಯ ತರಕಾರಿ, ಓಣಂ ಹಬ್ಬಕ್ಕೆ ನಮ್ಮ ಚೆಂಡು ಹೂವು ಇಳಿಯುವ ಸೀಮೆ. ಅಲ್ಲಿಂದ ಒಬ್ಬ ಹೆಣ್ಣುಮಗಳು ಹೋಗಿ ಭೂಮಿ ಸುತ್ತಿ ಬಂದಳು. ಕಡಲು ನಮಗೆ ಅಂದುಕೊಂಡಷ್ಟು ದೂರ ಇಲ್ಲ.

ಇನ್ನು ಮೊದಲಿನ ಪ್ರಶ್ನೆ. ಮನೆಯಲ್ಲಿ ನಾಲ್ಕು ವರ್ಷ ಕೂತವರು ಮತ್ತೆ ಹೊರಟರೆ ಸರಿಯೇ, ತಪ್ಪೇ? ಈ ಕತೆಗಳಲ್ಲಿ ಅದಕ್ಕೆ ಒಂದೇ ಉತ್ತರ ಇಲ್ಲ. ಟೋಮಿ ಗೆದ್ದು ಬಂದದ್ದರಿಂದ ಸರಿ ಅನ್ನುವುದಾದರೆ, 2018ರಲ್ಲಿ ಓಸಿರಿಸ್ ಹಡಗು ಬರುವುದು ಎರಡು ದಿನ ತಡವಾಗಿದ್ದರೆ ಏನನ್ನುತ್ತಿದ್ದೆವು? ಆದರೆ ಒಂದು ಮಾತು ನಿಲ್ಲುತ್ತೆ. ಮನೆಯ ವರ್ಷಗಳು ದಂಡವಲ್ಲ. ಬಾಣಂತನವನ್ನೋ, ಮುರಿದ ಬೆನ್ನನ್ನೋ ನೋಡಿ "ಇವರ ಕಾಲ ಮುಗೀತು" ಅಂತ ಬೇರೆಯವರು ಬರೆದುಬಿಡುವುದು ಮಾತ್ರ ಅನ್ಯಾಯ. ಹೊರಡುವುದೋ ಬಿಡುವುದೋ, ಆ ಲೆಕ್ಕ ಆ ಮನೆಯ ಜಗಲಿ ಮೇಲೆ, ಹೋಗುವವರು ಕಾಯುವವರು ಇಬ್ಬರೂ ಕೂತು ಮಾಡಬೇಕಾದದ್ದು.

ಊರಿನ ಗ್ಯಾರೇಜು ಬಿಟ್ಟು ಮಗುವಿಗಾಗಿ ಮನೆ ಸೇರಿದವರು, ಟೈಲರಿಂಗ್ ಮಿಷನ್ನಿಗೆ ಬಟ್ಟೆ ಮುಚ್ಚಿಟ್ಟವರು, ಆಪರೇಷನ್ ಆಗಿ ಲಾರಿ ಬಿಟ್ಟವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರು ಮತ್ತೆ ಬಾಗಿಲು ತೆರೆದ ದಿನ, ಮೊದಲ ಗಿರಾಕಿಯಾಗಿ ಹೋಗಿ ನಿಲ್ಲುವುದು ಅಕ್ಕಪಕ್ಕದವರ ಕೆಲಸ. ಅದಕ್ಕೆ ಹಾಯಿದೋಣಿ ಬೇಡ. ಕಡಲೂ ಬೇಡ.